ಭಾವನ ದೋಷಪುಸ್ತಕ, ಅಪ್ಪನ ಕತ್ತರಿ

ನಮ್ಮ ಭಾವ ಲಿಫ್ಟ್ ಇನ್‌ಸ್ಪೆಕ್ಟರ್. ಕಟ್ಟಡದಿಂದ ಕಟ್ಟಡಕ್ಕೆ ಹೋಗಿ ಲಿಫ್ಟಿನ ಹಗ್ಗ, ಬ್ರೇಕು, ಬಾಗಿಲು ನೋಡಿ, ಸರಿಯಿದ್ದರೆ ಸಹಿ ಹಾಕುವುದು, ಇಲ್ಲದಿದ್ದರೆ ಬೀಗ ಹಾಕಿಸುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ಮಾಡಿ ಅದು ಮೈಗೆ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಒಂದು ಕ್ಷಣ ನಿಂತು ಒಳಗಿರುವ ತಲೆಗಳನ್ನು ಎಣಿಸುತ್ತಾರೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯ ಸೋಫಾದ ಮೇಲೆ ಅಪ್ಪ, ಅಕ್ಕ, ನಾನು ಕೂತಿದ್ದೆವು. ನಾಲ್ಕನೆಯವರಾಗಿ ಕೂರಲು ಇವರು ಒಪ್ಪಲೇ ಇಲ್ಲ. ಅಳಿಯಂದಿರಿಗೆ ಸಂಕೋಚ ಎಂದು ಅಪ್ಪ ಖುಷಿಪಟ್ಟರು. ಸಂಕೋಚವೂ ಇಲ್ಲ, ಮಣ್ಣೂ ಇಲ್ಲ. ಸೋಫಾದ ಎಡಗಡೆಯ ಕಾಲಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಎರಡು ತಿಂಗಳಿಗೆ ಅದೇ ಕಾಲು ಮುರಿಯಿತು. ಭಾವ ಒಂದು ಮಾತೂ ಆಡಲಿಲ್ಲ. ಆಡದೆ ಇದ್ದದ್ದೇ ಅಕ್ಕನಿಗೆ ಹೆಚ್ಚು ಉರಿಯಿತು.

ಅವರ ಬಾಯಲ್ಲಿ ಸದಾ ಇರುವ ಮಾತು ಒಂದೇ: "ಮಾಡಬಹುದು, ಆದರೆ." ಗೋಡೆಗೆ ಮೊಳೆ ಹೊಡೆಯಬಹುದಾ ಎಂದು ಕೇಳಿದರೂ ಅದೇ, ಭಾನುವಾರ ಹೊರಗೆ ಹೋಗೋಣವಾ ಎಂದರೂ ಅದೇ. ಆ "ಆದರೆ" ಬಂದ ಮೇಲೆ ಕಾಲು ಗಂಟೆ ಕೂತು ಕೇಳಬೇಕು. ಅಕ್ಕ ಗಣಿತದ ಮೇಡಂ, ಮೂವತ್ತೈದು ಮಕ್ಕಳನ್ನು ಒಂದೇ ನೋಟದಲ್ಲಿ ಕೂರಿಸುವವಳು. ಅವಳಿಗೂ ಆ "ಆದರೆ"ಯನ್ನು ನಿಲ್ಲಿಸಲಾಗಿಲ್ಲ.

ಇಂಥ ಮನುಷ್ಯನಿಗೆ ಒಂದೇ ಒಂದು ಹುಚ್ಚು. ಭಾನುವಾರ ಮಧ್ಯಾಹ್ನ ಮೂರಕ್ಕೆ ಒಂದು ದೊಡ್ಡ ನಕ್ಷೆ ಹಾಸಿ, ನಮ್ಮನ್ನೆಲ್ಲ ಸುತ್ತ ಕೂರಿಸಿ, ಇಲ್ಲದ ರಾಜ್ಯದಲ್ಲಿ ಇಲ್ಲದ ದೈತ್ಯರ ಜೊತೆ ಕಾದಾಡಿಸುವುದು. ಆಟ ಸುಲಭ. ನಮಗೆಲ್ಲ ಒಂದೊಂದು ಪಾತ್ರ, ನಕ್ಷೆಯ ಮೇಲೆ ಅದಕ್ಕೊಂದು ಪುಟ್ಟ ಗೊಂಬೆ. ನಾವು ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು, ಏನಾಯಿತೆಂದು ಭಾವ ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಅಂಕ ಬಿದ್ದರೆ ಆಯಿತು, ಚಿಕ್ಕದು ಬಿದ್ದರೆ ಕೆಟ್ಟಿತು. ದೈತ್ಯರು, ಕಳ್ಳರು, ದಾರಿಹೋಕರು, ಎಲ್ಲರ ಪರವಾಗಿಯೂ ಮಾತಾಡುವವರು ಭಾವ ಒಬ್ಬರೇ. ಪ್ರತಿ ಕಾದಾಟದ ಮೊದಲು ಒಬ್ಬೊಬ್ಬರ ಮುಖ ನೋಡಿ "ಕೈಯಲ್ಲಿ ಏನಿದೆ?" ಎಂದು ಕೇಳುತ್ತಾರೆ. ಹೇಳಿದ್ದು ನಮ್ಮ ಸಾಮಾನಿನ ಪಟ್ಟಿಯಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಅದು ನಮ್ಮ ಬಳಿ ಇಲ್ಲ. ಒಮ್ಮೆ ಅಕ್ಕ ಹಗ್ಗ ಬರೆಯಲು ಮರೆತು ಮೂರು ಭಾನುವಾರ ಹಾಳುಬಾವಿಯಲ್ಲಿ ಕೂತಿದ್ದಳು. ಮನೆಯಲ್ಲೂ ಆ ಮೂರು ವಾರ ಯಾರೂ ಜೋರಾಗಿ ಮಾತಾಡಲಿಲ್ಲ.

ಆಟ ನಡೆಯುತ್ತಿದ್ದದ್ದು ನಮ್ಮ ಹೊಲಿಗೆ ಅಂಗಡಿಯಲ್ಲಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಮಹಡಿಯ ಮೇಲೆ ಅಕ್ಕ ಭಾವ. ಅಂಗಡಿಯ ನಡುವೆ ಬಟ್ಟೆ ಕತ್ತರಿಸುವ ಮೇಜು ಇದೆ, ಒಂದು ಮಂಚದಷ್ಟು ಅಗಲ. ನಕ್ಷೆ ಹಾಸಲು ಅದಕ್ಕಿಂತ ಒಳ್ಳೆಯ ಜಾಗ ಇಡೀ ಬೀದಿಯಲ್ಲಿ ಇರಲಿಲ್ಲ. ಮೊದಲ ಭಾನುವಾರ ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. ಎರಡನೆಯ ಭಾನುವಾರ ಒಳಗೆ ಬಂದರು. ಮೂರನೆಯದಕ್ಕೆ "ಮೇಜು ನಂದು, ನಾನು ಕೂರಬಾರದಾ?" ಎಂದು ಕೂತೇಬಿಟ್ಟರು.

"ಮಾವ, ನೀವು ಏನಾಗ್ತೀರಿ? ಯೋಧ, ಮಾಂತ್ರಿಕ, ಕಳ್ಳ?"

"ನಾನು ಟೈಲರ್."

"ಪುಸ್ತಕದಲ್ಲಿ ಟೈಲರ್ ಇಲ್ಲ, ಮಾವ."

"ಹಾಗಾದ್ರೆ ಅವರೆಲ್ಲ ಬಟ್ಟೆ ಹಾಕ್ಕೊಳ್ದೇ ಓಡಾಡ್ತಾರಾ?"

ಭಾವ "ಮಾಡಬಹುದು, ಆದರೆ" ಎಂದು ಶುರುಮಾಡಿ, ಕಾಲು ಗಂಟೆಯ ಮೇಲೆ ಬರೆದುಕೊಂಡರು: ಯೋಧ, ಉಪಕಸುಬು ಹೊಲಿಗೆ, ಆಯುಧ ಕತ್ತರಿ, ದೊಡ್ಡದು. ಆ ಕತ್ತರಿ ಅಪ್ಪನ ತಲೆಯ ಹಿಂದೆಯೇ ಮೊಳೆಗೆ ನೇತಾಡುತ್ತಿತ್ತು. ಕಬ್ಬಿಣದ್ದು, ಹನ್ನೊಂದು ಅಂಗುಲ, ಅಪ್ಪನಿಗೆ ಕೆಲಸ ಕಲಿಸಿದವರು ಕೊಟ್ಟದ್ದು. ಐವತ್ತು ವರ್ಷದಿಂದ ನಮ್ಮ ಅಂಗಡಿಯಲ್ಲಿ ಬಟ್ಟೆಗೆ ಕತ್ತರಿ ಹಾಕಿದ ಕೈ ಅದೊಂದೇ. ಆಗ ನಾನು ಏಳು ವರ್ಷದಿಂದ ಹೊಲಿಯುತ್ತಿದ್ದೆ, ಗುಂಡಿಗೆ ಕಾಜಾ ಮಾಡುತ್ತಿದ್ದೆ, ಕೋಟಿನ ಒಳಗೆ ಅಸ್ತರು ಕೂರಿಸುತ್ತಿದ್ದೆ. ಕತ್ತರಿಸಲು ಮಾತ್ರ ಬಿಡುತ್ತಿರಲಿಲ್ಲ. ಕೇಳಿದರೆ "ನೀನು ಎಡಚಿ, ಇದು ನಿನ್ನ ಕೈಗೆ ಆಗಲ್ಲ" ಅನ್ನುತ್ತಿದ್ದರು. ಮಾತು ನಿಜವೇ. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬಟ್ಟೆ ಕತ್ತರಿಸುವುದಿಲ್ಲ, ಅಲಗಿನ ನಡುವೆ ಮಡಚಿಕೊಳ್ಳುತ್ತದೆ. ಆದರೆ ವರ್ಷ ವರ್ಷ ಒಂದೇ ಕಾರಣ ಕೇಳಿದರೆ ಅದು ನೆಪ ಅನ್ನಿಸದೆ ಇರುತ್ತದೆಯೇ?

ನಾವು ನಾಲ್ವರ ಜೊತೆಗೆ ಐದನೆಯವರು ಎದುರು ಮನೆಯ ಹಲ್ಲಿನ ಡಾಕ್ಟರು. ಗಟ್ಟಿ ಹೆಂಗಸು. ತೊಂದರೆಯೆಲ್ಲ ಶುರುವಾದದ್ದು ಅವರಿಂದ.

ಭಾವನ ನಿಯಮದ ಪುಸ್ತಕ ಹಳೆಯದು, ರಸ್ತೆಬದಿಯಲ್ಲಿ ಸಿಕ್ಕಿದ್ದು. ಅದರಲ್ಲಿ ಎಂಟು ಹಾಳೆ ಇರಲಿಲ್ಲ. ಇದು ನಮಗೆ ಗೊತ್ತಾದದ್ದು ಹಲ್ಲಿನ ಡಾಕ್ಟರು ಮೊದಲ ಕಾದಾಟದಲ್ಲೇ "ನಾನು ಹೊಡೆಯಲ್ಲ, ಅವನ ಕತ್ತಿ ಕಿತ್ಕೋತೀನಿ" ಅಂದಾಗ. ಭಾವ ಪುಟ ತಿರುವಿದರು. ಒಂದು ಪುಟದ ಕೊನೆಯ ಸಾಲು: "ಎದುರಾಳಿಯ ಕೈಯಿಂದ ಆಯುಧವನ್ನು ಬಿಡಿಸಬೇಕಾದರೆ ಮೊದಲು". ಮುಂದಿನ ಪುಟದ ಮೊದಲ ಸಾಲು: "ಹೇಸರಗತ್ತೆಗಳಿಗೆ ದಿನಕ್ಕೆ ಎರಡು ಸಲ ನೀರು ಕೊಡತಕ್ಕದ್ದು." ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಭಾವನಿಗೆ ಮಾತ್ರ ಬೆವರು. ಸಹಿ ಹಾಕುವ ಜಾಗದಲ್ಲಿ ಕಾಗದವೇ ಇಲ್ಲ ಅಂದರೆ ಅವರಿಗೆ ಹೇಗಾಗಿರಬೇಡ.

ಕೊನೆಗೆ ಅವರು ಆಫೀಸಿನಿಂದ ಒಂದು ಖಾಲಿ ರಿಜಿಸ್ಟರು ತಂದರು. ದಿನಾಂಕ, ದೋಷ, ಪರಿಹಾರ, ಸಹಿ ಎಂದು ನಾಲ್ಕು ಕಾಲಮು. ಪುಸ್ತಕದಲ್ಲಿ ಇಲ್ಲದ್ದನ್ನು ನಾವು ಏನೇ ಮಾಡಲಿ, ಅದಕ್ಕೆ ಆ ಹೊತ್ತು ಒಂದು ತೀರ್ಮಾನ, ತೀರ್ಮಾನ ಆದ ಕೂಡಲೇ ರಿಜಿಸ್ಟರಿನಲ್ಲಿ ಒಂದು ಸಾಲು. ಒಮ್ಮೆ ಬರೆದರೆ ಅದೇ ಕಾನೂನು. ನಾವು ಅದನ್ನು ದೋಷಪುಸ್ತಕ ಅಂದೆವು. ಮೊದಲ ಸಾಲು ಹೀಗಿತ್ತು. ದೋಷ: ಕತ್ತಿ ಕಿತ್ತುಕೊಳ್ಳುವುದು. ಪರಿಹಾರ: ದಾಳದಲ್ಲಿ ಹತ್ತು ಅಥವಾ ಮೇಲೆ ಬಿದ್ದರೆ ಆಯಿತು.

ಆಮೇಲೆ ಮೂರು ತಿಂಗಳು ಯಾರೂ ಯಾರನ್ನೂ ಹೊಡೆಯಲಿಲ್ಲ. "ನನ್ನ ಕಸುಬೇ ಕೀಳೋದು" ಎಂದು ಹಲ್ಲಿನ ಡಾಕ್ಟರು ಸಿಕ್ಕವರ ಕತ್ತಿಯನ್ನೆಲ್ಲ ಕಿತ್ತರು. ನಾವೂ ಕಿತ್ತೆವು. ಕಿತ್ತ ಕತ್ತಿ ಹೊರಲು ಒಂದು ಹೇಸರಗತ್ತೆ ಕೊಂಡು, ದಿನಕ್ಕೆ ಎರಡು ಸಲ ನೀರು ಕೊಟ್ಟೆವು. ನಲವತ್ತೊಂದು ಕತ್ತಿ ಸೇರಿದವು. ಕೊನೆಕೊನೆಗೆ ಕಳ್ಳರ ಗುಂಪು ನಮ್ಮನ್ನು ಕಂಡ ಕೂಡಲೇ ಕತ್ತಿ ಕೆಳಗಿಟ್ಟು ಕೈಕಟ್ಟಿ ನಿಲ್ಲುತ್ತಿತ್ತು. ಹಾಗೆ ನಿಂತವರ ಪರವಾಗಿ ಮಾತಾಡುವಾಗ ಭಾವನ ಮುಖ ನೋಡಲಾಗುತ್ತಿರಲಿಲ್ಲ.

"ಲೆಕ್ಕ ನೋಡಿ," ಅಂದಳು ಅಕ್ಕ, ಹೆಂಡತಿಯ ದನಿಯಲ್ಲಲ್ಲ, ಮೇಡಂ ದನಿಯಲ್ಲಿ. "ಹತ್ತು ಬಿದ್ರೂ ಸಾಕು ಅಂದ್ರೆ ನೂರಕ್ಕೆ ಐವತ್ತೈದು ಸಲ ಆಗತ್ತೆ. ಒಬ್ಬನನ್ನ ಹೊಡೆದು ಉರುಳಿಸೋಕೆ ಐದು ಸುತ್ತು, ಬರಿಗೈ ಮಾಡೋಕೆ ಎರಡು. ಹೊಡೆಯೋಕೆ ನಾವೇನು ಪೆದ್ದರಾ?"

ಭಾವ ತಿದ್ದಿದರು. ಇನ್ನು ಮೇಲೆ ಹತ್ತೊಂಬತ್ತು ಬೀಳಬೇಕು. ಯಾರೂ ಆ ತಂಟೆಗೆ ಹೋಗಲಿಲ್ಲ. ಆಟ ಸಪ್ಪೆಯಾಯಿತು. ಹೊಡೆದೆ. ಹೊಡೆದೆ. ತಪ್ಪಿತು. ಹೊಡೆದೆ. ದೈತ್ಯ ಸಾಯುವ ಮೊದಲು ಅಕ್ಕ ನಿದ್ದೆಹೋದಳು.

ಅಪ್ಪನಿಗೆ ಇದು ಹಿಡಿಸಲಿಲ್ಲ. ಮುಂದಿನ ವಾರ ಕೋಟೆಯ ಬಾಗಿಲಲ್ಲಿ ಗದೆ ಹಿಡಿದ ದೈತ್ಯ ನಿಂತಿದ್ದಾಗ ಅವರು "ಆ ಕಿಟಕಿಯ ಪರದೆ ಎಳೆದು ಅವನ ತಲೆ ಮೇಲೆ ಹಾಕ್ತೀನಿ" ಅಂದರು.

"ಪರದೆಯಿಂದ ಏನಾಗತ್ತೆ ಮಾವ? ಕೈಯಲ್ಲಿ ತೆಗೆದು ಬಿಸಾಕ್ತಾನೆ."

ಅಪ್ಪ ಎದ್ದರು. ಕಪಾಟಿನಿಂದ ಮೂರು ಮೀಟರು ಕೋಟಿನ ಬಟ್ಟೆ ಬಿಡಿಸಿ, ಎರಡು ಮೂಲೆ ಹಿಡಿದು ಒಮ್ಮೆ ಕೊಡವಿ, ಅಳಿಯನ ತಲೆಯ ಮೇಲೆ ಎಸೆದರು. ಭಾವ ಕುರ್ಚಿಯ ಸಮೇತ ಮುಚ್ಚಿಹೋದರು.

"ಈಗ ಜೇಬಿನಿಂದ ಪೆನ್ನು ತೆಗೀರಿ ನೋಡೋಣ."

ಬಟ್ಟೆಯೊಳಗೆ ಎರಡು ಮೊಣಕೈ ಮೇಲೆದ್ದವು, ಒಂದು ಇಳಿಯಿತು, ಕನ್ನಡಕ ಎಲ್ಲೋ ಸಿಕ್ಕಿಕೊಂಡಿತು. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಸಣ್ಣ ದನಿ ಬಂತು: "ಮಾಡಬಹುದು, ಆದರೆ."

ನಮ್ಮ ಆಟ ಬದಲಾದದ್ದು ಆ ದಿನ. ದೋಷಪುಸ್ತಕ ತುಂಬತೊಡಗಿತು. ಪರದೆ ಎಸೆದರೆ ಎದುರಾಳಿಗೆ ಒಂದು ಸುತ್ತು ನಷ್ಟ, ಆದರೆ ಒಂದು ಕಾದಾಟದಲ್ಲಿ ಒಂದೇ ಸಲ, ಯಾಕೆಂದರೆ ಮಿಕ್ಕವರು ನೋಡಿಬಿಟ್ಟಿರುತ್ತಾರೆ. ಕಣ್ಣಿಗೆ ಬೂದಿ ಎರಚಬಹುದು, ಆದರೆ ಗಾಳಿ ಯಾವ ಕಡೆ ಬೀಸುತ್ತದೆಂದು ಮೊದಲೇ ಹೇಳಬೇಕು. ದೀಪದ ಸರಪಳಿ ಹಿಡಿದು ತೂಗಾಡಬಹುದು, ಆದರೆ ಆ ಸರಪಳಿಯ ಭಾರಮಿತಿ ಭಾವನನ್ನು ಕೇಳಬೇಕು. ಭಾರಮಿತಿ ವಿಷಯದಲ್ಲಿ ಅವರು ಎಳ್ಳಷ್ಟೂ ಬಿಟ್ಟುಕೊಡುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಎರಡು ಸಲ ಸರಪಳಿ ಸಮೇತ ಬಿದ್ದರು. "ಆಗಲ್ಲ" ಅಂದರೆ ಆಟ ಸಾಯುತ್ತದೆ, ಬರೀ "ಆಗತ್ತೆ" ಅಂದರೂ ಸಾಯುತ್ತದೆ ಎಂದು ಭಾವ ಕಂಡುಕೊಂಡಿದ್ದರು. ನಾವು ಇಷ್ಟು ವರ್ಷ ಗೇಲಿ ಮಾಡಿದ ಆ "ಆದರೆ" ಅಲ್ಲಿ ಕೆಲಸಕ್ಕೆ ಬಂತು.

ಆದರೆ ಅವರು ಒಂದು ಸಾಲು ಬರೆದು ಕೆಟ್ಟರು. ದೋಷ: ನಾವು ಮಾತ್ರ ಕಿತ್ತುಕೊಳ್ಳುವುದು. ಪರಿಹಾರ: ಶತ್ರುಗಳೂ ಕಿತ್ತುಕೊಳ್ಳಬಹುದು.

ಅದರ ಮುಂದಿನ ಭಾನುವಾರ ಒಬ್ಬ ಚಿಲ್ಲರೆ ಕಾವಲುಗಾರ, ಹೆಸರಿಗೂ ಲಾಯಕ್ಕಿಲ್ಲದವನು, ದಾಳದಲ್ಲಿ ಇಪ್ಪತ್ತು ಬೀಳಿಸಿ ಅಪ್ಪನ ಕತ್ತರಿ ಕಿತ್ತುಕೊಂಡ. ಭಾವ ಏನೂ ತಿಳಿಯದೆ "ಕತ್ತರಿ ಹೋಯ್ತು ಮಾವ, ಈಗ ಕೈಯಲ್ಲಿ ಏನಿದೆ?" ಎಂದು ಕೇಳಿದರು.

ಅಪ್ಪ ಎದ್ದು, ಮೊಳೆಯ ಮೇಲಿದ್ದ ನಿಜವಾದ ಕತ್ತರಿ ತೆಗೆದುಕೊಂಡು ಒಳಗೆ ಹೋದರು. ಎರಡು ಭಾನುವಾರ ಬರಲಿಲ್ಲ. ಅಳಿಯನ ಜೊತೆ ಮಾತಿಲ್ಲ. ಅಂಚು ಮಡಚಲು ಕೊಟ್ಟಿದ್ದ ಭಾವನ ಪ್ಯಾಂಟು ಹಾಗೇ ಬಿದ್ದಿತ್ತು. ಪಾಪ ಅವರು ಪ್ಯಾಂಟಿನ ತುದಿಗೆ ಪಿನ್ನು ಚುಚ್ಚಿಕೊಂಡು ಲಿಫ್ಟ್ ಹತ್ತಿಳಿದರು.

ಮೂರನೆಯ ವಾರ ಭಾವ ಒಬ್ಬರೇ ಅಂಗಡಿಗೆ ಬಂದು ಅಪ್ಪನ ಮುಂದೆ ನಿಂತರು. "ತಪ್ಪಾಯ್ತು ಮಾವ. ಕತ್ತರಿ ಹೋಗಿದ್ದಕ್ಕೆ ನಿಮಗೆ ಬೇಜಾರಲ್ಲ, ಅಲ್ವಾ? ಒಂದು ಮಾತು ಕೇಳ್ದೇ ಹೋಯ್ತಲ್ಲ, ಅದಕ್ಕೆ." ಅಪ್ಪ ತಲೆಯೆತ್ತಲಿಲ್ಲ. ಆದರೆ ಕೈ ಮುಂದೆ ಮಾಡಿ "ಪ್ಯಾಂಟ್ ಕೊಡಿ" ಅಂದರು.

ದೋಷಪುಸ್ತಕದಲ್ಲಿ ಹೊಸ ಸಾಲು ಬಂತು, ಅದು ಇವತ್ತಿಗೂ ಹಾಗೇ ಇದೆ. ಯಾರೇ ಯಾರ ಆಯುಧಕ್ಕೆ ಕೈಹಾಕಲಿ, ದಾಳ ಗೆದ್ದರೆ ತೀರ್ಮಾನ ಆಯುಧದ ಒಡೆಯನದು. ಬಿಡುತ್ತಾನೋ, ಬಿಡದೆ ಪೆಟ್ಟು ತಿನ್ನುತ್ತಾನೋ, ಅವನೇ ಹೇಳಬೇಕು. ಬೇರೆಯವರೆಲ್ಲ ಲೆಕ್ಕ ಹಾಕಿ ಒಮ್ಮೆ ಬಿಡುತ್ತಿದ್ದರು, ಒಮ್ಮೆ ತಿನ್ನುತ್ತಿದ್ದರು. ಅಪ್ಪನ ಉತ್ತರ ಮಾತ್ರ ಯಾವತ್ತೂ ಒಂದೇ. "ಪೆಟ್ಟು." ಎಂಟು ವರ್ಷ ಅವರು ಆಡಿದರು, ಎಂಟು ವರ್ಷವೂ ಪೆಟ್ಟು ತಿಂದರು. ಕತ್ತರಿ ಒಮ್ಮೆಯೂ ಕೆಳಗೆ ಬೀಳಲಿಲ್ಲ.

ಹೋದ ವರ್ಷ ಅಪ್ಪನ ಬಲಗೈ ನಡುಗತೊಡಗಿತು.

ಮೊದಲು ಒಂದು ಕೋಟಿನ ತೋಳು ಎರಡು ಬೆರಳು ಗಿಡ್ಡವಾಯಿತು. ಗಿರಾಕಿಗೆ ಅಪ್ಪ "ಈಗ ಹೀಗೇ ಹಾಕೋದು" ಅಂದರು, ಅವನು ನಂಬಿದ. ಆಮೇಲೆ ಅಡ್ಡ ಎಳೆಯಲ್ಲಿ ಕತ್ತರಿಸಿ ಒಂದು ಪೂರ್ತಿ ತುಂಡು ಹಾಳಾಯಿತು. ನಾನು ಅದನ್ನು ಯಾರಿಗೂ ಹೇಳದೆ ಮಡಚಿಟ್ಟೆ. ಆಮೇಲೆ ಕತ್ತರಿ ಅವರ ಎಡಗೈಯ ಬೆರಳಿಗೇ ಬಿತ್ತು. ಹಲ್ಲಿನ ಡಾಕ್ಟರು ಓಡಿಬಂದು "ನಾನು ಬಾಯೊಳಗೆ ಮಾತ್ರ ಹೊಲಿಯೋದು" ಅನ್ನುತ್ತಲೇ ಮೂರು ಹೊಲಿಗೆ ಹಾಕಿದರು. ರಕ್ತ ಸುರಿಯುತ್ತಿದ್ದರೂ ಅಪ್ಪ ಬೆರಳು ಬೆಳಕಿಗೆ ಹಿಡಿದು ನೋಡಿ "ಟಾಕು ದೂರ ದೂರ ಆಯ್ತು" ಅಂದರು.

ದೊಡ್ಡ ಡಾಕ್ಟರು ಕೈ ಪರೀಕ್ಷೆ ಮಾಡಿ ಖಡಾಖಂಡಿತವಾಗಿ ಹೇಳಿದರು: ಅಳತೆ ತೆಗೆಯಲಿ, ಗುರುತು ಹಾಕಲಿ, ಕತ್ತರಿ ಮಾತ್ರ ಮುಟ್ಟಬಾರದು. ಮುಂದಿನ ಸಲ ಬೆರಳು ಉಳಿಯಲಿಕ್ಕಿಲ್ಲ. ಅಪ್ಪ ಹೂಂ ಅಂದರು. ಮನೆಗೆ ಬಂದು ಕತ್ತರಿ ತೆಗೆದುಕೊಂಡರು.

ಅಕ್ಕ ಕತ್ತರಿಯನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಳು. ಅಪ್ಪ ಅರ್ಧ ಗಂಟೆಯಲ್ಲಿ ಹುಡುಕಿದರು. ಆ ವಾರ ಗಿರಾಕಿಯೊಬ್ಬನ ಕಪ್ಪು ಕೋಟಿಗೆಲ್ಲ ಹಿಟ್ಟು. ಆಮೇಲೆ ಅಕ್ಕ ಕತ್ತರಿ ಮೊಂಡಾಗಿದೆ, ಸಾಣೆಗೆ ಕಳಿಸಿದ್ದೇವೆ ಎಂದು ಸುಳ್ಳು ಹೇಳಿದಳು. ಅಪ್ಪ ಸಾಣೆಯವನ ಅಂಗಡಿಗೇ ಹೋಗಿ ಕೂತರು. ಇನ್ನು ನಾನು. ನನ್ನ ಬಗ್ಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಒಂದು ಗುರುವಾರ ಬೆಳಿಗ್ಗೆ ಅವರು ಕತ್ತರಿ ಹಿಡಿದು ಬಟ್ಟೆಯ ಮೇಲೆ ಬಗ್ಗಿದ್ದರು. ಅಲಗು ಗಡಗಡ ನಡುಗುತ್ತಿತ್ತು. ನನ್ನ ತಾಳ್ಮೆ ಹಾರಿಹೋಯಿತು. ಕೈ ಚಾಚಿ ಕಿತ್ತುಕೊಳ್ಳಲು ಎಳೆದೆ. ಅವರು ಬಿಡಲಿಲ್ಲ. ಮೂವತ್ತೈದು ವರ್ಷದ ನಾನು, ಎಪ್ಪತ್ತು ದಾಟಿದ ಅಪ್ಪ, ಮೇಜಿನ ಆಚೆ ಈಚೆ ನಿಂತು ಚಿಕ್ಕ ಮಕ್ಕಳ ಹಾಗೆ ಜಗ್ಗಾಡಿದೆವು. ಅಲಗು ನನ್ನ ಎಡ ಅಂಗೈಯನ್ನು ಸೀಳಿತು.

ಅಪ್ಪ ಕೂಡಲೇ ಬಿಟ್ಟರು. ಕತ್ತರಿ ನೆಲಕ್ಕೆ ಬಿತ್ತು. ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ನೋವಿಗಿಂತ ಹೆಚ್ಚು ಉರಿದದ್ದು ಬೇರೆ. ಅವರ ಬೆರಳಿನ ಚಿಂತೆ ಇದ್ದದ್ದು ನಿಜ. ಆದರೆ ಎಳೆಯುವಾಗ ನನ್ನ ಮನಸ್ಸಿನಲ್ಲಿ ಇನ್ನೊಂದಿತ್ತು. ಆ ಕತ್ತರಿ ನನಗೆ ಬೇಕಿತ್ತು. ಹದಿನೈದು ವರ್ಷದಿಂದ ಬೇಕಿತ್ತು. ಅಪ್ಪನಿಗೆ ಅದು ಕಂಡಿರಬೇಕು, ಅವರ ಕಣ್ಣು ಅಳತೆಯಲ್ಲಿ ತಪ್ಪುವುದಿಲ್ಲ.

ಮಾರನೆಯ ದಿನ ಕತ್ತರಿ ಮತ್ತೆ ಮೊಳೆಯ ಮೇಲಿತ್ತು, ಮಧ್ಯಾಹ್ನಕ್ಕೆ ಮತ್ತೆ ಅವರ ಕೈಯಲ್ಲಿತ್ತು. ಅಕ್ಕ ಗಂಡನನ್ನು ಮಹಡಿಯ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದಳು. "ಎಷ್ಟು ವರ್ಷದಿಂದ ಇದನ್ನೇ ಆಡಿಸ್ತಿದ್ದೀರಿ? ಕೈಯಿಂದ ಆಯುಧ ಬಿಡಿಸೋದು ಹೇಗೆ ಅಂತ ಪುಸ್ತಕ ತುಂಬಾ ಬರೆದಿದ್ದೀರಿ. ಈಗ ಬಿಡಿಸಿ."

"ಅದು ಆಟ ಕಣೇ."

"ಹಾಗಾದ್ರೆ ಆಟದಲ್ಲೇ ಬಿಡಿಸಿ."

ಆ ಭಾನುವಾರ ಎಲ್ಲರೂ ಬಂದೆವು, ಅಪ್ಪನೂ ಬಂದರು. ಅಪ್ಪನ ಬೆರಳಿಗೆ ಪಟ್ಟಿ, ನನ್ನ ಅಂಗೈಗೆ ಪಟ್ಟಿ. ನಾವಿಬ್ಬರೂ ಎದುರಾಬದುರು ಕೂತು ನಕ್ಷೆಯನ್ನೇ ನೋಡುತ್ತಿದ್ದೆವು. ಭಾವನ ಕಿವಿ ಆಗಲೇ ಕೆಂಪಗಾಗಿತ್ತು.

"ಕೈಯಲ್ಲಿ ಏನಿದೆ?"

"ಕತ್ತರಿ," ಅಂದರು ಅಪ್ಪ.

ನಕ್ಷೆಯ ಮೇಲೆ ಒಂದು ಸೇತುವೆ ಇತ್ತು, ಸೇತುವೆಯ ಮೇಲೆ ಒಬ್ಬ ದೈತ್ಯ. ಅವನು ಅಪ್ಪನ ಕತ್ತರಿ ಹಿಡಿದ. ದಾಳ ಹತ್ತೊಂಬತ್ತು ಬಿತ್ತು. ಆಮೇಲೆ ಅವನು ಮಾತಾಡತೊಡಗಿದ. "ಅಯ್ಯಾ ವೀರ, ಎಷ್ಟು ವರ್ಷದಿಂದ ಹೊತ್ತಿದ್ದೀರಿ ಇದನ್ನು? ಕೈ ದಣಿದಿಲ್ಲವೇ? ಇಟ್ಟುಬಿಡಿ. ನಿಮ್ಮ ಗೌರವಕ್ಕೆ ಯಾವ ಕುಂದೂ ಬರುವುದಿಲ್ಲ. ವಿಶ್ರಾಂತಿಯೂ ಒಂದು ಸಾಧನೆಯೇ."

ಇಷ್ಟು ವಿನಯದ ದೈತ್ಯನನ್ನು ನಾವು ಯಾರೂ ಕಂಡಿರಲಿಲ್ಲ. ಹಲ್ಲಿನ ಡಾಕ್ಟರು ಸೆರಗು ಬಾಯಿಗೆ ಒತ್ತಿಕೊಂಡರು.

ಅಪ್ಪ ಕನ್ನಡಕದ ಮೇಲಿಂದ ನೋಡಿದರು. "ಅಳಿಯಂದಿರೇ, ಈ ದೈತ್ಯ ಏನು ನಮ್ಮ ದೊಡ್ಡ ಮಗಳ ಥರಾನೇ ಮಾತಾಡ್ತಾನೆ?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಮೂಗು ಮುರಿದಳು. ಭಾವ ಕೈಯಲ್ಲಿದ್ದ ಚೀಟಿಯನ್ನು, ಅಕ್ಕನ ದುಂಡು ಅಕ್ಷರದ ಚೀಟಿಯನ್ನು, ಮಡಚಿ ಜೇಬಿಗೆ ಹಾಕಿದರು.

"ನನಗೆ ಸುಳ್ಳು ಬರಲ್ಲ ಮಾವ," ಅಂದರು. "ನಿಯಮ ನಿಮಗೆ ಗೊತ್ತು. ಬಿಡೋದಾ, ಪೆಟ್ಟು ತಿನ್ನೋದಾ, ನೀವೇ ಹೇಳಬೇಕು. ಇಲ್ಲಿ ಯಾರೂ ಕಿತ್ಕೊಳ್ಳಲ್ಲ. ನಾನಿರೋವರೆಗೆ ಕಿತ್ಕೊಳ್ಳೋಕೆ ಬಿಡೋದೂ ಇಲ್ಲ."

"ಪೆಟ್ಟು" ಎಂಬ ಮಾತಿಗೆ ನಾವು ಕಾದೆವು. ಅದು ಬರಲಿಲ್ಲ. ಅಪ್ಪ ನನ್ನ ಅಂಗೈಯ ಪಟ್ಟಿ ನೋಡುತ್ತಿದ್ದರು.

"ಪೆಟ್ಟು ಯಾರಿಗೆ ಬೀಳತ್ತೆ?"

ಎಂಟು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಭಾವ ದೋಷಪುಸ್ತಕ ತೆರೆದರು, ಮುಚ್ಚಿದರು. "ಪಕ್ಕದಲ್ಲಿ ನಿಂತವರಿಗೂ ತಗಲಬಹುದು ಮಾವ," ಅಂದರು.

ಅಪ್ಪ ನಕ್ಷೆಯ ಮೇಲಿದ್ದ ತಮ್ಮ ಗೊಂಬೆಯನ್ನು ನನ್ನ ಗೊಂಬೆಯ ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು. "ಬಿಡಲ್ಲ. ಪೆಟ್ಟೂ ಬೇಡ. ಇನ್ನೊಂದು ಮಾಡಬಹುದಾ?"

"ಹೇಳಿ."

"ಕತ್ತರಿ ಕೆಲಸ ಪಕ್ಕದಲ್ಲಿರೋಳಿಗೆ ಕೊಡ್ತೀನಿ."

ಪಕ್ಕದಲ್ಲಿರುವವಳೆಂದರೆ ನಕ್ಷೆಯ ಮೇಲೆ ನನ್ನ ಗೊಂಬೆ. ಭಾವ ಅಭ್ಯಾಸಬಲದಿಂದ "ಮಾಡಬಹುದು, ಆದರೆ" ಅಂದರು, ಅಲ್ಲಿಗೆ ನಿಂತರು. ಆ "ಆದರೆ" ಅವರಿಗೆ ಬೇಡವಾಗಿತ್ತು, ಆದರೂ ನಿಯಮದ ಮನುಷ್ಯ, ನುಂಗಲಾರರು. "ಆದರೆ ಅವಳು ಎಡಚಿ. ನಿಮ್ಮ ಕತ್ತರಿ ಅವಳ ಕೈಗೆ ಆಗಲ್ಲ."

ಅಕ್ಕ ಹಲ್ಲು ಕಡಿದಳು. ಮೇಜಿನ ಕೆಳಗೆ ಭಾವನ ಕಾಲಿಗೆ ಒದ್ದಿರಲೂಬೇಕು.

"ಗೊತ್ತು," ಅಂದರು ಅಪ್ಪ. "ಇನ್ನೊಂದಿದೆ."

"ನಿಮ್ಮ ಪಟ್ಟೀಲಿ ಇಲ್ಲ ಮಾವ."

"ಪಟ್ಟೀಲಿ ಇಲ್ಲ. ಟ್ರಂಕಲ್ಲಿದೆ."

ಅಪ್ಪ ಕುರ್ಚಿ ಹಿಂದೆ ಸರಿಸಿ ಮೊಣಕಾಲೂರಿ ಮೇಜಿನ ಕೆಳಗೆ ಬಗ್ಗಿದರು. ಅಲ್ಲಿ ಅವರ ತಗಡಿನ ಟ್ರಂಕು ಇದೆ, ಹಳೆಯ ಅಳತೆ ಪುಸ್ತಕಗಳದ್ದು, ನಾವು ಯಾರೂ ಮುಟ್ಟುವುದಿಲ್ಲ. ತಳದಿಂದ ಒಂದು ಗಂಟು ತೆಗೆದು ಸೇತುವೆಯ ಮೇಲೆ, ದೈತ್ಯನ ಪಕ್ಕದಲ್ಲಿ ಇಟ್ಟರು. ಬಿಚ್ಚಿದರೆ ಕತ್ತರಿ. ಹನ್ನೊಂದು ಅಂಗುಲ, ಹೊಳೆಯುವಂಥದ್ದು, ಎಡಗೈಯದು. ಎಣ್ಣೆಯ ವಾಸನೆ ಬಂತು. ಇಟ್ಟು ಮರೆತ ವಸ್ತುವಲ್ಲ ಅದು, ವರ್ಷ ವರ್ಷ ಯಾರೋ ತೆಗೆದು ಎಣ್ಣೆ ಹಾಕಿ ಮತ್ತೆ ಸುತ್ತಿಟ್ಟಿದ್ದರು.

ನಾನು ನೋಡಿದ್ದು ಸುತ್ತಿದ್ದ ಬಟ್ಟೆಯನ್ನು. ಬೂದು ಬಣ್ಣ, ಅದರಲ್ಲಿ ಸಣ್ಣ ಕೆಂಪು ಗೀರು. ಮರೆಯುವಂಥದ್ದಲ್ಲ. ಒಂಬತ್ತು ವರ್ಷದ ಹಿಂದೆ ನಾನು ಮೊದಲ ಸಲ ಒಬ್ಬಳೇ ಹೊಲಿದ ಕೋಟಿನ ಅಸ್ತರಿನಲ್ಲಿ ಮಿಕ್ಕಿದ್ದ ತುಂಡು. ಆ ದಿನ ಅಪ್ಪ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ "ಹೂಂ" ಎಂದಷ್ಟೇ ಅಂದಿದ್ದರು. ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ.

"ಒಂಬತ್ತು ವರ್ಷದಿಂದ ಇಟ್ಕೊಂಡಿದ್ರಾ?" ಅಂದೆ. ಅಳು ಬಂತು, ಸಿಟ್ಟೂ ಬಂತು. "ಯಾಕೆ ಕೊಡ್ಲಿಲ್ಲ?"

"ಕೊಡಬೇಕು ಅಂತಾನೇ ತಂದೆ," ಅಂದರು ಅಪ್ಪ. "ಕೊಟ್ರೆ ನನ್ನ ಕೈಗೆ ಏನು ಕೆಲಸ ಅಂತ... ಈ ವರ್ಷ ಆಗಲಿ, ಮುಂದಿನ ವರ್ಷ ಆಗಲಿ ಅಂದ್ಕೊಂಡೆ." ಅವರು ನನ್ನ ಮುಖ ನೋಡಲಿಲ್ಲ. ಕತ್ತರಿಯನ್ನು ತಿರುಗಿಸಿ ಹಿಡಿ ನನ್ನ ಕಡೆ ಬರುವಂತೆ ಸರಿಸಿದರು.

ಪಟ್ಟಿ ಕಟ್ಟಿದ ಕೈಯಲ್ಲೇ ತೆಗೆದುಕೊಂಡೆ. ಹೆಬ್ಬೆರಳು ಸರಿಯಾಗಿ ಕೂತಿತು. ಎಲ್ಲರೂ ಭಾವನನ್ನು ನೋಡಿದೆವು. ಪಟ್ಟಿಯಲ್ಲಿ ಇಲ್ಲದ ವಸ್ತು, ಕಾದಾಟದ ನಡುವೆ, ನಕ್ಷೆಯ ಮೇಲೆಯೇ ಇದೆ. ಹಗ್ಗ ಬರೆಯದ ಹೆಂಡತಿಯನ್ನೇ ಮೂರು ವಾರ ಬಾವಿಯಲ್ಲಿ ಕೂರಿಸಿದ ಮನುಷ್ಯ.

"ಮಾಡಬಹುದು," ಅಂದರು ಭಾವ. ನಾವು ಕಾದೆವು. ಮುಂದೆ ಏನೂ ಬರಲಿಲ್ಲ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು.

"ನನ್ನ ಹಗ್ಗ ಇವತ್ತೇ ವಾಪಸ್ ಬರಬೇಕು," ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ.

ದೋಷಪುಸ್ತಕದಲ್ಲಿ ಆ ದಿನದ ಸಾಲು ಇದೆ. ದಿನಾಂಕ ಇದೆ, ಸಹಿ ಇದೆ. ದೋಷದ ಕಾಲಮೂ ಖಾಲಿ, ಪರಿಹಾರದ ಕಾಲಮೂ ಖಾಲಿ. ಆಫೀಸಿನಲ್ಲಿ ಯಾರಾದರೂ ಹಾಗೆ ಸಹಿ ಹಾಕಿದ್ದರೆ ಭಾವ ಅವರ ಕಿವಿ ಹಿಂಡುತ್ತಿದ್ದರು.

ಸೋಮವಾರ ಅಪ್ಪ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಕೈ ನಡುಗಿತು, ಗೆರೆ ಕೊಂಚ ಅಲುಗಿತು, ಅವರು ಒರೆಸಿ ಮತ್ತೆ ಎಳೆದರು. ಸೀಮೆಸುಣ್ಣಕ್ಕೆ ಆ ಸೌಕರ್ಯ ಇದೆ. ನಾನು ಕತ್ತರಿಸಿದೆ. ಹಳೆಯ ಕತ್ತರಿ ಈಗಲೂ ಅದೇ ಮೊಳೆಯ ಮೇಲಿದೆ. ಬಟ್ಟೆ ಜಾರದಂತೆ ಭಾರಕ್ಕೆ ಇಡಬೇಕಾದಾಗ ಅಪ್ಪನೇ ತೆಗೆದು ಇಡುತ್ತಾರೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಮುಂದಿನ ಭಾನುವಾರ ಸೇತುವೆ ಹಾಗೇ ಇತ್ತು, ದೈತ್ಯನೂ ಅಲ್ಲೇ ಇದ್ದ. ವಿನಯ ಮಾತ್ರ ಹೋಗಿತ್ತು, ಗದೆ ಬೀಸುತ್ತಿದ್ದ. ಭಾವ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಅಪ್ಪನ ಸರದಿ ಬಂದಾಗ ಒಂದು ಕ್ಷಣ ತಡೆದು, ಆಮೇಲೆ ಎಲ್ಲರಿಗೂ ಕೇಳುವ ದನಿಯಲ್ಲೇ ಕೇಳಿದರು.

"ಮಾವ, ಕೈಯಲ್ಲಿ ಏನಿದೆ?"

"ಸೀಮೆಸುಣ್ಣ. ಪಟ್ಟೀಲಿ ಬರೆದಿದ್ದೀನಿ, ನೋಡ್ಕೊಳ್ಳಿ."

"ಅದರಲ್ಲಿ ಏನು ಮಾಡ್ತೀರಿ?"

"ಎಲ್ಲಿ ಕತ್ತರಿಸಬೇಕು ಅಂತ ಅವಳಿಗೆ ತೋರಿಸ್ತೀನಿ."

ಭಾವ ದೋಷಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಗಂಭೀರವಾಗಿ ಬರೆದರು. ಗುರುತು ಹಾಕಿಕೊಟ್ಟರೆ ಪಕ್ಕದವಳ ದಾಳಕ್ಕೆ ಎರಡು ಅಂಕ ಹೆಚ್ಚು. ಪ್ರತಿ ಸುತ್ತಿಗೂ. ಆಯಸ್ಸು ಇರುವವರೆಗೆ.

ನಾನು ಎಡಗೈಯಲ್ಲಿ ದಾಳ ಉರುಳಿಸಿದೆ. ಮೂರು ಬಿತ್ತು. ಮೂರು ಮತ್ತು ಎರಡು ಐದು. ತಪ್ಪಿತು.

"ಪರವಾಗಿಲ್ಲ," ಅಂದರು ಅಪ್ಪ, ಸೀಮೆಸುಣ್ಣ ಕೈಯಲ್ಲಿ ತಿರುಗಿಸುತ್ತಾ. "ಬಟ್ಟೆ ಇನ್ನೂ ಇದೆ."